ದಿಂಬುವಿನ ಬಾಟಲಿ

ಆ ದಿನ ಹಾಲಿನ ಡೈರಿಯ ಪರೀಕ್ಷಕ ಹೇಳಿದ ಮೊದಲ ಸುಳ್ಳು ಒಂದೇ ಒಂದು ಪದದ್ದು. ಬೆಳಿಗ್ಗೆ ಆರೂಮುಕ್ಕಾಲಿಗೆ ಹೆಂಡತಿ ಫೋನು ಮಾಡಿ "ಹಿಡಿದ್ರಾ?" ಅಂತ ಕೇಳಿದಳು. ಇವನು "ಹಿಡಿದೆ" ಅಂದುಬಿಟ್ಟ. ಹಾಗೆನ್ನುವಾಗ ಅವನ ಬಲಗೈಯಲ್ಲಿ ಉದ್ದ ಹಿಡಿಯ ಸ್ಟೀಲಿನ ಸೌಟಿತ್ತು. ಸೌಟು ಒಣಗಿತ್ತು. ಅವನ ಬೆನ್ನ ಹಿಂದೆ, ಎರಡೇ ಮಾರು ದೂರದಲ್ಲಿ, ದಿಂಬು ಪಾರ್ಕಿನ ಮರಳಿನ ಮೇಲೆ ಕಣ್ಣು ಅರೆಮುಚ್ಚಿ ಕೂತು ನೆಮ್ಮದಿಯಾಗಿ ಒಂದಕ್ಕೆ ಹೋಗುತ್ತಿದ್ದಳು.

ದಿಂಬು ಅಂದರೆ ನಾಯಿ. ಗೋಧಿಬಣ್ಣದ ಮೆತ್ತನೆ ಕೂದಲಿನ ಟೆರಿಯರ್. ಮಲಗಿದರೆ ಹೊಲಿಗೆ ಬಿಚ್ಚಿ ಹತ್ತಿ ಈಚೆ ಬಂದ ದಿಂಬಿನ ಹಾಗೆಯೇ ಕಾಣುತ್ತಿದ್ದುದರಿಂದ ಆ ಹೆಸರು. ಈ ತಳಿಗೊಂದು ಗುಟ್ಟಿನ ಕಾಯಿಲೆಯಿದೆ. ಮೈಗೆ ಬೇಕಾದ ಪ್ರೋಟೀನು ಮೂತ್ರದ ಜೊತೆ ಸದ್ದಿಲ್ಲದೆ ಸೋರಿಹೋಗುತ್ತದೆ. ನಾಯಿ ಕುಣಿಯುತ್ತಲೇ ಇರುತ್ತದೆ, ಬೊಗಳುತ್ತಲೇ ಇರುತ್ತದೆ. ಕಾಲು ಊದಿ ಊಟ ಬಿಟ್ಟು ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಕೈಮೀರಿರುತ್ತದೆ. ದಿಂಬುವಿನ ಒಡಹುಟ್ಟಿದ ತಂಗಿ, ಹಿಂದಿನ ಬೀದಿಯ ಔಷಧಿ ಅಂಗಡಿಯವರ ಮನೆಯಲ್ಲಿದ್ದವಳು, ನಾಲ್ಕೇ ವರ್ಷಕ್ಕೆ ಹೋದ ತಿಂಗಳು ಹಾಗೆ ಹೋದಳು. ಅಂದಿನಿಂದ ಹೆಂಡತಿ ದಿಂಬುವಿನ ಬಟ್ಟಲಲ್ಲಿ ಒಂದು ತುತ್ತು ಉಳಿದರೂ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಈ ತಳಿಗೆಂದೇ ವರ್ಷಕ್ಕೊಂದು ಸಲ ತಪಾಸಣೆ ನಡೆಯುತ್ತಿತ್ತು. ಬೆಳಗಿನ ಮೊದಲ ಮೂತ್ರವನ್ನು ಅವರೇ ಕೊಟ್ಟ ಬಾಟಲಿಯಲ್ಲಿ ತುಂಬಿ ಒಂಬತ್ತೂವರೆಯೊಳಗೆ ಒಪ್ಪಿಸಬೇಕು. ಹೋದ ವರ್ಷ ಪರೀಕ್ಷಕ ತಾರೀಖನ್ನೇ ಮರೆತಿದ್ದ. ಈ ವರ್ಷ ಹೆಂಡತಿ ಮೂರು ದಿನ ಮುಂಚೆಯೇ ಬಾಟಲಿಯನ್ನು ಅವನ ಕನ್ನಡಕದ ಪಕ್ಕ ಇಟ್ಟಿದ್ದಳು. ಅವಳು ಸಿಟಿ ಬಸ್ ಓಡಿಸುವವಳು. ಮೊದಲ ಪಾಳಿಗೆ ಐದು ಗಂಟೆಗೇ ಮನೆ ಬಿಡಬೇಕು. ಹೊರಡುವಾಗ, ಬೇರೆ ಯಾರ ಕೈಯಲ್ಲಾದರೂ ಕೊಟ್ಟಿದ್ದರೆ ಭಯವಿರುತ್ತಿತ್ತು, ನೀವಾದರೆ ಸ್ಯಾಂಪಲ್ ಹಿಡಿಯುವುದರಲ್ಲೇ ಕೂದಲು ಹಣ್ಣು ಮಾಡಿಕೊಂಡವರು ಎಂದು ಹೇಳಿ ಹೋಗಿದ್ದಳು.

ಅದೂ ನಿಜವೇ. ಅವನು ಹಾಲಿನ ಡೈರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪರೀಕ್ಷಕ. ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದು, ಯಾರ ಕ್ಯಾನಿಗೆ ಎಷ್ಟು ನೀರು ಬಿದ್ದಿದೆಯೆಂದು ಯಂತ್ರ ಹೇಳುವ ಮುಂಚೆಯೇ ಹೇಳುತ್ತಿದ್ದ. ನೀರು ಬೆರೆಸಿದವರನ್ನು ಸುಮ್ಮನೆ ಕಳಿಸುತ್ತಿರಲಿಲ್ಲ. ಸಾಲಿನಲ್ಲಿ ಎಲ್ಲರೆದುರು ನಿಲ್ಲಿಸಿ, ಸ್ಯಾಂಪಲ್ಲಿನ ಪಾವಿತ್ರ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿಯೇ ಬಿಡುತ್ತಿದ್ದ.

ಅಂಥವನು ಆ ಬೆಳಿಗ್ಗೆ ಆರು ಗಂಟೆಯಿಂದ ಸೌಟು ಹಿಡಿದು ಪಾರ್ಕನ್ನು ಆರು ಸುತ್ತು ಹಾಕಿದ್ದ. ದಿಂಬು ಕೂರುವ ಹಾಗೆ ಮಾಡುವುದು, ಇವನು ಸೌಟು ಚಾಚಿ ಬಗ್ಗುವುದು, ಅವಳು ಎದ್ದು ನಿಂತು, ಇಷ್ಟು ವರ್ಷ ಸಂಸಾರ ಮಾಡಿ ಈಗೇನಿದು ಎಂಬಂತೆ ಅವನ ಮುಖ ನೋಡುವುದು. ಮೂರನೇ ಸುತ್ತಿಗೆ ಮೇಲಿನ ಮನೆಯ ಮೇಷ್ಟ್ರು ಬಾಲ್ಕನಿಯಿಂದ ಸಲಹೆ ಕೊಡತೊಡಗಿದರು. ನಾಲ್ಕನೇ ಸುತ್ತಿಗೆ ಚಪ್ಪಲಿ ಮೆಟ್ಟಿ ಕೆಳಗೇ ಬಂದರು. ನಿವೃತ್ತರಾಗಿ ಹತ್ತು ವರ್ಷವಾದರೂ ಅವರಿಗೆ ಎದುರಿಗಿದ್ದವರೆಲ್ಲ ಮೂರನೇ ಕ್ಲಾಸೇ. ಎಳೆಮಕ್ಕಳಿಗೆ ಮಾಡುವ ಹಾಗೆ ಬಾಯಲ್ಲಿ "ಶ್... ಶ್..." ಎಂದು ಶಬ್ದ ಮಾಡಬೇಕು, ಸಮಾಧಾನವಾಗಿ ಮಾಡಬೇಕು, ಮಾಡಿ ನೋಡೋಣ ಎಂದರು. ಪರೀಕ್ಷಕ ಮಾಡಿದ. ಬೆಳಗಿನ ವಾಕಿಂಗಿನವರು ನಾಲ್ಕೈದು ಜನ ನಿಂತು ನೋಡಿದರು. ಅವರಲ್ಲೊಬ್ಬರು ಅವಸರವಾಗಿ ಮನೆ ಕಡೆ ತಿರುಗಿದರೇ ಹೊರತು ದಿಂಬುವಿನ ಮೇಲೆ ಏನೂ ಪರಿಣಾಮವಾಗಲಿಲ್ಲ.

ಹೀಗಿರುವಾಗ ಫೋನು ಬಂತು. ಅವಳು ಯಾವುದೋ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಜನ ಹತ್ತುವಷ್ಟರಲ್ಲಿ ಕೇಳುತ್ತಿದ್ದಳು. ಇನ್ನೂ ಇಲ್ಲ ಅನ್ನಲು ಅವನಿಗೆ ನಾಚಿಕೆಯಾಯಿತು. ಹೇಗೂ ಇನ್ನೆರಡು ನಿಮಿಷದಲ್ಲಿ ಹಿಡಿಯುವವನೇ ತಾನೆ ಎಂದುಕೊಂಡು "ಹಿಡಿದೆ" ಅಂದ. ಅವಳ ಉಸಿರು ಹಗುರಾಗಿದ್ದು ಫೋನಿನಲ್ಲೇ ಕೇಳಿಸಿತು. ತಿರುಗಿ ನೋಡಿದರೆ ದಿಂಬು ಕೆಲಸ ಮುಗಿಸಿ, ಹಿಂಗಾಲಿನಿಂದ ಮರಳು ಚಿಮ್ಮುತ್ತಿದ್ದಳು. ಓಡಿ ಹೋಗಿ ಸೌಟಿನಿಂದ ಎತ್ತಲು ನೋಡಿದ. ಅರ್ಧ ಸೌಟು ಒದ್ದೆ ಮರಳು ಸಿಕ್ಕಿತು. ಮೇಷ್ಟ್ರು ಅದನ್ನು ಬಗ್ಗಿ ನೋಡಿ, ಇದು ನಡೆಯಲಿಕ್ಕಿಲ್ಲ ಎಂದು ತೀರ್ಪು ಕೊಟ್ಟು ಮೆಟ್ಟಿಲು ಹತ್ತಿದರು.

ಮನೆಗೆ ಬಂದು ಒಂದು ಬಟ್ಟಲು ನೀರು ಕುಡಿಸಿದ, ಇನ್ನೊಂದು ಬಟ್ಟಲು ಹಾಲು ಕುಡಿಸಿದ. ದಿಂಬು ಎರಡನ್ನೂ ಕುಡಿದು, ಬಾಯಿ ಚಪ್ಪರಿಸಿ, ಸೋಫಾದ ಕೆಳಗೆ ಹೋಗಿ ಮಲಗಿದಳು. ಎಂಟಾಯಿತು. ಎಂಟೂವರೆಯಾಯಿತು. ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿದ. ಅದರಿಂದ ಅವನಿಗೇ ಅವಸರವಾಯಿತು. ಆ ಕೆಟ್ಟ ಯೋಚನೆ ಹುಟ್ಟಿದ್ದೂ ಆಗಲೇ.

ನಾಯಿ ಗಟ್ಟಿಮುಟ್ಟಾಗಿದೆ, ಇನ್ನೊಂದು ವಾರದಲ್ಲಿ ಹೆಂಡತಿಗೆ ಗೊತ್ತಾಗದ ಹಾಗೆ ನಿಜವಾದ ಸ್ಯಾಂಪಲ್ ಒಯ್ದು ಕೊಟ್ಟರಾಯಿತು, ಇವತ್ತು ಬಾಟಲಿಯೊಂದು ಭರ್ತಿಯಾಗಿದ್ದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡ. ಬಚ್ಚಲಿಗೆ ಹೋಗಿ ಚಿಲಕ ಹಾಕಿದ. ಹೊರಗಿನಿಂದ ದಿಂಬು ಬಾಗಿಲು ಕೆರೆದಳು. ಕೆಲಸ ಸಾಗಲಿಲ್ಲ. ಕೊನೆಗೆ ಮೇಷ್ಟ್ರು ಹೇಳಿಕೊಟ್ಟ ಶಬ್ದವನ್ನು ತನಗೆ ತಾನೇ ಮಾಡಿಕೊಳ್ಳಬೇಕಾಯಿತು. ಮುಚ್ಚಳ ತಿರುಗಿಸಿ ಬಾಟಲಿಯನ್ನು ಅಭ್ಯಾಸಬಲದಿಂದ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ಎದುರಿನ ಕನ್ನಡಿಯಲ್ಲಿ ಕಂಡ ಮುಖವನ್ನು ಅವನು ಇಪ್ಪತ್ತೆರಡು ವರ್ಷದಿಂದ ಡೈರಿಯ ಸಾಲಿನಲ್ಲಿ ನೋಡುತ್ತಲೇ ಬಂದಿದ್ದ.

ಆಸ್ಪತ್ರೆಯ ಪಡಸಾಲೆಯಲ್ಲಿ ಹನ್ನೆರಡು ಗೋಧಿಬಣ್ಣದ ನಾಯಿಗಳೂ ಅವುಗಳ ಯಜಮಾನರೂ ಕೂತಿದ್ದರು. ಮೊದಲು ಕಣ್ಣಿಗೆ ಬಿದ್ದವರು ಡೈರಿಯ ಮ್ಯಾನೇಜರು. ಅವರ ಪಕ್ಕದಲ್ಲಿ ಸಾಹೇಬ. ಸಾಹೇಬ ಅಂದರೆ ಮ್ಯಾನೇಜರ ಏಳು ವರ್ಷದ ಗಂಡು ನಾಯಿ, ದಿಂಬುವಿನ ಸ್ವಂತ ಅಪ್ಪ. ನಾಲ್ಕು ವರ್ಷದ ಹಿಂದೆ ಅವರೇ ಮರಿಯನ್ನು ಪರೀಕ್ಷಕನಿಗೆ ಕೊಟ್ಟಿದ್ದರು. ಅಂದಿನಿಂದ ಹೆಣ್ಣು ಕೊಟ್ಟ ಬೀಗರ ಧಾಟಿಯಲ್ಲೇ ಮಾತಾಡಿಸುತ್ತಿದ್ದರು. ದಿನ ಬೆಳಗಾದರೆ ನಮ್ಮ ಮಗಳು ಹೇಗಿದ್ದಾಳೆ, ಹೊಟ್ಟೆ ತುಂಬ ಹಾಕ್ತೀರೋ ಇಲ್ಲವೋ ಎಂಬ ವಿಚಾರಣೆ.

ಮ್ಯಾನೇಜರು ಅವನನ್ನು ಕೈಹಿಡಿದು ಕರೆದುಕೊಂಡು ಹೋಗಿ ನಾಯಿ ಡಾಕ್ಟರಿಗೆ ಪರಿಚಯಿಸಿದರು. ಡಾಕ್ಟರು ಕನ್ನಡಕ ಹಾಕಿದ, ಮಿತವಾಗಿ ಮಾತಾಡುವ ಹೆಂಗಸು. ಸ್ಯಾಂಪಲ್ ಶುದ್ಧವಾಗಿರಬೇಕು ಅಂದರೆ ಇವರ ಕೈಯಲ್ಲೇ ಹಿಡಿಸಬೇಕು, ನಿಮ್ಮ ಕಾಂಪೌಂಡರಿಗೂ ಒಂದು ಪಾಠ ಹೇಳಿಸಿ ಎಂದರು ಮ್ಯಾನೇಜರು. ಪರೀಕ್ಷಕನ ಜೇಬಿನಲ್ಲಿ ಬಾಟಲಿ ಇನ್ನೂ ಬೆಚ್ಚಗಿತ್ತು. ಅದನ್ನು ಮೇಜಿನ ಮೇಲೆ ಮ್ಯಾನೇಜರ ಬಾಟಲಿಯ ಪಕ್ಕಕ್ಕೆ ಸರಿಸಿಟ್ಟು, ನಾಯಿಗೆ ಬಾಯಾರಿಕೆಯೆಂದು ನೆವ ಹೇಳಿ ಅಂಗಳದ ನಲ್ಲಿಯ ಹತ್ತಿರ ತಪ್ಪಿಸಿಕೊಂಡ. ಹತ್ತು ನಿಮಿಷ ಬಿಟ್ಟು ಬಂದಾಗ ಬಾಟಲಿಗಳೆಲ್ಲ ನಂಬರು ಹಚ್ಚಿಸಿಕೊಂಡು ಒಳಗೆ ಹೋಗಿದ್ದವು.

ಹನ್ನೊಂದು ಗಂಟೆಗೆ ಹೆಂಡತಿ ಖಾಕಿ ಸಮವಸ್ತ್ರದಲ್ಲೇ ಓಡಿಬಂದಳು. ಹಿಂದೆಯೇ ಮೇಷ್ಟ್ರೂ ಬಂದರು. ಬೆಳಿಗ್ಗೆ ಅಷ್ಟು ಶ್ರಮಪಟ್ಟ ಮೇಲೆ ಫಲಿತಾಂಶ ತಿಳಿಯದೆ ಇರಲಾಗಲಿಲ್ಲವಂತೆ. ಸೌಟಿನ ವಿಷಯ ಹೆಂಡತಿಯ ಮುಂದೆ ಬಾಯಿಬಿಟ್ಟಾರೆಂದು ಪರೀಕ್ಷಕನ ಜೀವ ಬಾಯಿಗೆ ಬಂತು. ಆದರೆ ಮೇಷ್ಟ್ರು ತಮ್ಮ ಸಲಹೆ ಕೊನೆಗೂ ಕೆಲಸ ಮಾಡಿರಬೇಕೆಂದು ನಂಬಿ ಬೀಗುತ್ತಿದ್ದರು.

ಡಾಕ್ಟರು ಹಾಳೆ ಹಿಡಿದು ಹೊರಗೆ ಬಂದರು. ಸಾಹೇಬನ ಫಲಿತಾಂಶವನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು. ಒಂದು ಕಣ ಪ್ರೋಟೀನೂ ಸೋರುತ್ತಿಲ್ಲ, ಈ ವಯಸ್ಸಿಗೆ ಇಂಥ ಮೂತ್ರಪಿಂಡ ಅಪರೂಪ. ಮ್ಯಾನೇಜರ ಕೈಗೆ ಸರ್ಟಿಫಿಕೇಟು ಬಂತು. ಅವರು ಅದಕ್ಕೆ ಮುತ್ತು ಕೊಟ್ಟು, ಸಾಹೇಬನ ಕತ್ತಿನ ಪಕ್ಕ ಹಿಡಿದು ಫೋಟೋ ತೆಗೆಸಿಕೊಂಡರು. ಆಮೇಲೆ ಡಾಕ್ಟರು ದಿಂಬುವಿನ ಕಡೆಯವರನ್ನು ಒಳಗೆ ಕರೆದರು. ಬಾಗಿಲು ಮುಚ್ಚಿದರು.

ಪ್ರೋಟೀನು ವಿಪರೀತ ಸೋರುತ್ತಿದೆ ಎಂದರು. ಇವತ್ತೇ ಸೇರಿಸಿಕೊಂಡು ಡ್ರಿಪ್ ಹಾಕಬೇಕು, ಮಧ್ಯಾಹ್ನ ಅರಿವಳಿಕೆ ಕೊಟ್ಟು ಮೂತ್ರಪಿಂಡದ ಚೂರೊಂದನ್ನು ತೆಗೆದು ನೋಡಬೇಕು, ಅದರಲ್ಲೂ ಅಪಾಯ ಇಲ್ಲದಿಲ್ಲ. ಹೆಂಡತಿ ನೆಲದ ಮೇಲೆ ಕೂತು ದಿಂಬುವನ್ನು ತೊಡೆಗೆಳೆದುಕೊಂಡಳು. ದಿಂಬು ಅವಳ ಬೆಲ್ಟಿನ ಬಕಲ್ ನೆಕ್ಕಿದಳು.

ಬಾಗಿಲ ಹೊರಗೆ ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ಮೇಷ್ಟ್ರು ಒಳ್ಳೆಯ ನಾಯಿಯಾಗಿತ್ತು ಎಂದು ಆಗಲೇ ಭೂತಕಾಲದಲ್ಲಿ ಮಾತಾಡತೊಡಗಿದರು. ಮ್ಯಾನೇಜರು ತಮ್ಮ ಕಡೆ ರಕ್ತದಲ್ಲಿ ಇಂಥದ್ದು ಇಲ್ಲವೇ ಇಲ್ಲ, ಇದು ತಾಯಿಯ ಕಡೆಯಿಂದ ಬಂದದ್ದೇ ಸರಿ ಎಂದು ಸರ್ಟಿಫಿಕೇಟು ತೋರಿಸಿ ಎಲ್ಲರಿಗೂ ಸ್ಪಷ್ಟಪಡಿಸಿದರು.

ಪರೀಕ್ಷಕ ಆಗ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಆಮೇಲೆ ಎಷ್ಟೋ ದಿನ ಅವನನ್ನು ಸುಟ್ಟಿದ್ದು ಬಾಟಲಿಗಿಂತ ಹೆಚ್ಚಾಗಿ ಆ ಇಪ್ಪತ್ತು ನಿಮಿಷದ ಮೌನ. ಯಂತ್ರ ಕೆಟ್ಟಿರಬಹುದೇ ಎಂದು ಕೇಳಿದ. ಇನ್ನೊಮ್ಮೆ ನೋಡಬಹುದೇ ಎಂದು ಕೇಳಿದ. ಅದೇ ಬಾಟಲಿಯನ್ನು ಮೂರು ಸಲ ನೋಡಿದೆವು ಎಂದರು ಡಾಕ್ಟರು. ಕಾಂಪೌಂಡರು ದಿಂಬುವನ್ನು ಮೇಜಿನ ಮೇಲೆ ನಿಲ್ಲಿಸಿ ಮುಂಗಾಲಿನ ಕೂದಲು ಬೋಳಿಸಲು ಮೆಷಿನ್ನು ಚಾಲೂ ಮಾಡಿದ. ಗೋಧಿಬಣ್ಣದ ಒಂದು ಗುಂಜು ನೆಲಕ್ಕೆ ಬಿತ್ತು. ಹೆಂಡತಿ ಅದನ್ನು ಆರಿಸಿ ಅಂಗಿಯ ಜೇಬಿಗೆ ಹಾಕಿಕೊಂಡಳು.

"ನಿಲ್ಲಿಸಿ," ಅಂದ ಪರೀಕ್ಷಕ. "ಆ ಬಾಟಲಿ ದಿಂಬೂದಲ್ಲ."

ಮೆಷಿನ್ನು ನಿಂತಿತು. ಯಾರದ್ದು ಎಂದು ಡಾಕ್ಟರು ಕೇಳಿದರು.

"ನಂದು."

ಬಾಗಿಲು ಅದು ಹೇಗೋ ತೆರೆದಿತ್ತು. ಪಡಸಾಲೆಯ ಹನ್ನೆರಡು ಕುಟುಂಬಗಳೂ ಕೇಳಿಸಿಕೊಂಡವು. ಡಾಕ್ಟರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. ಮೇಷ್ಟ್ರು, ತಾವು ಹೇಳಿಕೊಟ್ಟದ್ದು ನಾಯಿಗೆ ಮಾಡಲಿ ಎಂದೇ ಹೊರತು ಇವನಿಗಲ್ಲ ಎಂದು ಪಕ್ಕದವರಿಗೆ ಹೇಳಿದರು. ಮ್ಯಾನೇಜರ ಮುಖ ಒಡೆದ ಹಾಲಿನ ಹಾಗಾಯಿತು. ಇಪ್ಪತ್ತೆರಡು ವರ್ಷದಿಂದ ಇವನ ಮಾತಿನ ಮೇಲೆ ಎಷ್ಟು ಜನರ ಹಾಲು ಚರಂಡಿಗೆ ಸುರಿಸಿದ್ದೇನೋ ಎಂದುಕೊಂಡರೋ ಏನೋ, ಸೋಮವಾರದಿಂದ ಪರೀಕ್ಷೆಯ ಕೋಣೆಗೆ ಬರಬೇಡಿ, ಗೇಟಿನಲ್ಲಿ ನಿಂತು ಖಾಲಿ ಕ್ಯಾನು ಎಣಿಸಿ ಎಂದು ಅಲ್ಲೇ ಹೇಳಿ ಸಾಹೇಬನನ್ನು ಎಳೆದುಕೊಂಡು ನಡೆದರು.

ಡಾಕ್ಟರು ಸೂಜಿಯಿಂದ ನೇರವಾಗಿ ದಿಂಬುವಿನ ಮೂತ್ರ ತೆಗೆದು ನೋಡಿದರು. ಶುದ್ಧ. ಒಂದು ಚೂರೂ ದೋಷವಿಲ್ಲ. ಹೆಂಡತಿ ನಾಯಿಯ ಕತ್ತಿನಲ್ಲಿ ಮುಖ ಹುದುಗಿಸಿ ಅತ್ತಳು, ಎದ್ದಳು, ಗಂಡನಿಗೆ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಏನೋ ಹೊಳೆದು ಅವಳ ಮುಖ ಬಿಳಿಚಿತು.

"ಹಾಗಾದ್ರೆ ಅಷ್ಟು ಸೋರ್ತಾ ಇರೋದು ನಿಮಗಾ?"

ಅಲ್ಲಿಯವರೆಗೆ ಅದು ಅವನ ತಲೆಗೇ ಹೋಗಿರಲಿಲ್ಲ. ದಿಂಬುವನ್ನು ಮೇಷ್ಟ್ರ ಕೈಗೊಪ್ಪಿಸಿ, ಹೆಂಡತಿ ಅವನನ್ನು ಮನುಷ್ಯರ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ದಾರಿಯುದ್ದಕ್ಕೂ ಬೈಯಲಿಲ್ಲ; ಅವನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತು. ಮೂತ್ರಪಿಂಡದ ಡಾಕ್ಟರ ಮುಂದೆ, ನಿಮಗೆ ಪ್ರೋಟೀನು ಸೋರುತ್ತಿದೆಯೆಂದು ಹೇಳಿದವರು ಯಾರು ಎಂಬ ಪ್ರಶ್ನೆ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಚಾವಣಿ ನೋಡಿದರು. ನರ್ಸು ಪುಟ್ಟ ಡಬ್ಬಿ ಕೊಟ್ಟಳು. ಹೆಂಡತಿ ಬಚ್ಚಲ ಬಾಗಿಲವರೆಗೂ ಬಂದು ನಿಂತಳು. ಹೊರಗೆ ಬಂದವನ ಕೈಯ ಡಬ್ಬಿ ನೋಡಿ, "ಇದು ನಿಮ್ದೇ ತಾನೆ?" ಅಂತ ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ಹೌದು ಎಂದು ಅವನು ಡಬ್ಬಿಯನ್ನು ನರ್ಸಿನ ಕೈಗಿಟ್ಟ.

ಎರಡು ಸಲ ನೋಡಿದರು. ರಕ್ತವನ್ನೂ ನೋಡಿದರು. ನಾಲ್ಕು ಗಂಟೆಗೆ ಡಾಕ್ಟರು ಕಾಗದಗಳನ್ನು ಅವನ ಕಡೆ ದೂಡಿ, ನಿಮ್ಮದು ಇಪ್ಪತ್ತರ ಹುಡುಗನ ಮೂತ್ರಪಿಂಡ, ಸುಮ್ಮನೆ ಹೆದರಿಸಿದವರು ಯಾರೋ ಅವರನ್ನು ಹೋಗಿ ವಿಚಾರಿಸಿ ಎಂದರು.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಡತಿಗೆ ನಗು ತಡೆಯಲಾಗಲಿಲ್ಲ. ನಾಯಿಯೂ ಚೆನ್ನಾಗಿದೆ, ಗಂಡನೂ ಚೆನ್ನಾಗಿದ್ದಾನೆ. ಮಾನ ಹೋಗಿದ್ದು ಹೋಯಿತು, ಗೇಟಿನಲ್ಲಿ ಗಾಳಿಯಾದರೂ ಬರುತ್ತದೆ ಎಂದಳು. ಪರೀಕ್ಷಕ ನಗಲಿಲ್ಲ. ಇಪ್ಪತ್ತೆರಡು ವರ್ಷ ಸ್ಯಾಂಪಲ್ ನೋಡಿದ ತಲೆ ಅದು. ಮೂರು ಸಲ ನೋಡಿದ ಬಾಟಲಿಯಲ್ಲಿ ಪ್ರೋಟೀನು ಇದ್ದದ್ದು ಸುಳ್ಳಲ್ಲ. ಅದು ದಿಂಬುವಿನದಲ್ಲ. ತನ್ನದೂ ಅಲ್ಲ. ಹಾಗಾದರೆ ಆ ಪಡಸಾಲೆಯಲ್ಲಿ ಕೂತಿದ್ದ ಯಾವುದೋ ಒಂದು ನಾಯಿ ಒಳಗೊಳಗೇ ಸೋರುತ್ತಿದೆ, ಅದರ ಮನೆಯವರು ಇವತ್ತು ಆರೋಗ್ಯವಾಗಿದೆಯೆಂದು ಸಂಭ್ರಮಪಡುತ್ತಿದ್ದಾರೆ. ಇದು ಬೇರೆ ಯಾರ ತಲೆಗೂ ಹೋಗುವ ಹಾಗಿರಲಿಲ್ಲ. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೆಳಗಿನ ಆ ಇಪ್ಪತ್ತು ನಿಮಿಷ ಇನ್ನೂ ಮೈಮೇಲೇ ಇತ್ತು. ಮುಂದಿನ ನಿಲ್ದಾಣದಲ್ಲಿ ಎದ್ದು ನಿಂತು, ನೀನು ಮನೆಗೆ ಹೋಗು, ನಾನು ಬರುತ್ತೇನೆ ಎಂದ. ಹೆಂಡತಿ ಅವನ ಮುಖ ನೋಡಿ ಕಾಲು ಸರಿಸಿ ದಾರಿ ಬಿಟ್ಟಳು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಕಾಂಪೌಂಡರು ನೆಲ ಗುಡಿಸುತ್ತಿದ್ದ. ಬಾಟಲಿಗಳಿಗೆ ನಂಬರು ಹಚ್ಚಿದ್ದು ಹೇಗೆ ಎಂದು ಕೇಳಿದಾಗ ಮೊದಲು ಸಿಡುಕಿದ, ಆಮೇಲೆ ಪೊರಕೆ ಗೋಡೆಗೆ ಒರಗಿಸಿ ನೆನಪಿಸಿಕೊಂಡ.

"ಕೊನೇಲಿ ಎರಡು ಬಾಟ್ಲಿ ಉಳಿದಿತ್ತು. ಒಂದು ಇನ್ನೂ ಬೆಚ್ಚಗಿತ್ತು. ಇದು ಯಾರ್ದು ಅಂತ ಕೇಳ್ದೆ, ನೀವು ಹೊರಗೆ ಹೋಗಿದ್ರಿ. ಸಾಹೇಬನ ಯಜಮಾನ್ರು, ತಾಜಾ ಇರೋದು ಅಂದ್ರೆ ನಮ್ದೇ ಇರ್ಬೇಕು, ಹಾಕಿ ಅಂದ್ರು. ಹಾಕ್ದೆ."

ಪರೀಕ್ಷಕ ಬೆಂಚಿನ ಮೇಲೆ ಕೂತುಕೊಂಡ. ಒಂದು ಲೋಟ ನೀರು ಕೇಳಿ ಕುಡಿದು ಎದ್ದ.

ಮ್ಯಾನೇಜರ ಮನೆಯ ನಡುಮನೆಯಲ್ಲಿ ನೆಂಟರು ಸೇರಿದ್ದರು. ಸರ್ಟಿಫಿಕೇಟಿಗೆ ಆಗಲೇ ಗಾಜು ಹಾಕಿಸಿ ಗೋಡೆಗೆ ಮೊಳೆ ಹೊಡೆದಿದ್ದರು. ಸಾಹೇಬ ಅದರ ಕೆಳಗೆ ಗೋಣು ಚೆಲ್ಲಿ ಮಲಗಿದ್ದ; ಅವನ ಮುಂದಿಟ್ಟ ತಟ್ಟೆ ಇಟ್ಟ ಹಾಗೇ ಇತ್ತು. ಮ್ಯಾನೇಜರು ಬಾಗಿಲಲ್ಲಿ ಪರೀಕ್ಷಕನನ್ನು ಕಂಡು, ಕ್ಷಮೆ ಕೇಳಲು ಬಂದಿದ್ದರೆ ಸೋಮವಾರ ಕಚೇರಿಯಲ್ಲಿ ಕೇಳಿ, ಮನೆಗೆ ಬಂದು ಕಾಲು ಹಿಡಿದರೆ ನನ್ನ ಮನಸ್ಸು ಬದಲಾಗುವುದಿಲ್ಲ ಎಂದರು.

"ಸಾರ್, ಆ ಸರ್ಟಿಫಿಕೇಟು ನಂದು," ಅಂದ ಪರೀಕ್ಷಕ.

ನೆಂಟರೊಬ್ಬರು ನಕ್ಕರು. ಅವನು ಬಾಗಿಲಲ್ಲೇ ನಿಂತು, ಕಾಂಪೌಂಡರು ಹೇಳಿದ್ದನ್ನೂ ಮೂತ್ರಪಿಂಡದ ಡಾಕ್ಟರು ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದ. ಹೇಳುತ್ತ ಹೇಳುತ್ತ ನೆಲ ನೋಡಿದ. ಮ್ಯಾನೇಜರಿಗೆ ಮೊದಲು ಸಿಟ್ಟು ಬಂತು, ಎದ್ದರು, ಬಾಗಿಲ ಕಡೆ ಬರುತ್ತಿದ್ದವರು ಅರ್ಧಕ್ಕೇ ನಿಂತು ಸಾಹೇಬನ ತಟ್ಟೆಯ ಕಡೆ ನೋಡಿದರು. ಎರಡು ವಾರದಿಂದ ಹೀಗೇ ತಟ್ಟೆ ಉಳಿಸುತ್ತಿದ್ದಾನೆ, ಬಿಸಿಲಿಗಿರಬೇಕು ಅಂದುಕೊಂಡಿದ್ದೆವು ಎಂದಳು ಅವರ ಹೆಂಡತಿ. ಮ್ಯಾನೇಜರು ನಾಯಿಯ ಪಕ್ಕ ಕೂತು ಹಿಂಗಾಲಿನ ಮೇಲೆ ಬೆರಳೊತ್ತಿದರು. ಬೆರಳು ತೆಗೆದ ಮೇಲೂ ಅಲ್ಲೊಂದು ಗುಳಿ ಉಳಿಯಿತು. ಅದು ತುಂಬಿಕೊಳ್ಳಲೆಂದು ಅವರು ಕಾದರು. ತುಂಬಿಕೊಳ್ಳಲಿಲ್ಲ.

ನೆಂಟರನ್ನು ಬಿಟ್ಟು ಇಬ್ಬರೂ ಸೇರಿ ಸಾಹೇಬನನ್ನು ಎತ್ತಿ ಕಾರಿನಲ್ಲಿ ಮಲಗಿಸಿದರು. ತಲೆಯ ಕಡೆ ಮ್ಯಾನೇಜರು, ಬಾಲದ ಕಡೆ ಪರೀಕ್ಷಕ. ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಹಾಕಿ ನೋಡಿ, ಹೌದು ಎಂದು ತಲೆಯಾಡಿಸಿದರು. ಇನ್ನೆರಡು ವಾರ ಹೋಗಿದ್ದರೆ ಕೈಚೆಲ್ಲಬೇಕಿತ್ತು, ಈಗ ಔಷಧಿ, ಪಥ್ಯದಲ್ಲಿ ಸುಮಾರು ಕಾಲ ತಳ್ಳಬಹುದು ಎಂದರು. ಡ್ರಿಪ್ ಹಾಕುವಾಗ ನಾಯಿಯ ಕಾಲನ್ನು ಪರೀಕ್ಷಕನೇ ಹಿಡಿದುಕೊಂಡ.

ಸಂಜೆ ಆರಕ್ಕೆ ಮ್ಯಾನೇಜರು ಅವನನ್ನು ಹೊರಗೆ ಕರೆದರು. ಕಣ್ಣು ಕೆಂಪಾಗಿತ್ತು. ನಿಮ್ಮಿಂದ ನನ್ನ ನಾಯಿ ಉಳಿಯಿತು, ಬೇರೆಯವರಾಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು ಎಂದರು. ಪರೀಕ್ಷಕನಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸಲೀಸಾಯಿತು. ಹಾಗಾದರೆ ಸೋಮವಾರ ಎಂದು ಬಾಯಿ ತೆರೆದ.

"ಸೋಮವಾರ ಗೇಟಿಗೇ ಬನ್ನಿ," ಅಂದರು ಮ್ಯಾನೇಜರು. "ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ನಾನು ಆ ಸರ್ಟಿಫಿಕೇಟಿಗೆ ಮುತ್ತು ಕೊಟ್ಟಿದ್ದೀನಿ ಕಣ್ರೀ. ದಿನಾ ನಿಮ್ಮ ಮುಖ ಎದುರಿಗಿದ್ರೆ ನಂಗೆ ಊಟ ಸೇರಲ್ಲ."

ಕಾರಿನ ಹಿಂದಿನ ಸೀಟಿನಿಂದ, ಬರುವಾಗ ಗೋಡೆಯಿಂದ ಕಿತ್ತು ತಂದಿದ್ದ ಗಾಜಿನ ಚೌಕಟ್ಟನ್ನು ತೆಗೆದು ಅವನ ಕೈಗಿಟ್ಟರು. ನಿಮ್ಮದು ನೀವೇ ಇಟ್ಟುಕೊಳ್ಳಿ ಎಂದು ಒಳಗೆ ಹೋದರು.

ಅದನ್ನು ಎಲ್ಲಿಯೂ ಬಿಸಾಡಲು ಅವನಿಗೆ ಧೈರ್ಯವಾಗಲಿಲ್ಲ. ಅಂಗಿಯೊಳಗೆ ಬಚ್ಚಿಡಲು ಅದು ತೀರ ದೊಡ್ಡದು. ಕಂಕುಳಲ್ಲಿ ಒತ್ತಿಕೊಂಡು ಮೆಟ್ಟಿಲು ಹತ್ತುವಾಗ, ದಿಂಬುವನ್ನು ಒಪ್ಪಿಸಿ ಮೇಲೆ ಹೊರಟಿದ್ದ ಮೇಷ್ಟ್ರು ಎದುರಾದರು. ಏನದು ಕೊಡಿ ಎಂದು ಕೈಚಾಚಿ ತೆಗೆದುಕೊಂಡರು. ಕನ್ನಡಕ ಏರಿಸಿ, ಮೂರನೇ ಕ್ಲಾಸಿಗೆ ಓದುವ ಸ್ವರದಲ್ಲಿ, ಮೂರು ಮಹಡಿಗೂ ಕೇಳುವಂತೆ ಓದಿದರು.

"ಗಂಡು. ವಯಸ್ಸು ಏಳು. ಮೈಕಟ್ಟು ಉತ್ತಮ. ಮೂತ್ರಪಿಂಡ ಅತ್ಯುತ್ತಮ. ತಳಿ ಬೆಳೆಸಲು ಎಲ್ಲ ರೀತಿಯಿಂದಲೂ ಯೋಗ್ಯ."

ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಇದು ಯಾರದ್ದು ಎಂದು ಕೇಳಿದರು ಮೇಷ್ಟ್ರು. ಅವತ್ತು ಇನ್ನೊಂದು ಸುಳ್ಳು ಹೇಳುವ ತ್ರಾಣ ಪರೀಕ್ಷಕನಲ್ಲಿ ಉಳಿದಿರಲಿಲ್ಲ.